ಸಹಾಯ ಬೇಕು: ಹಾರ್ಮೋನಿನ ಕೆಲಸವನ್ನು ಮಕ್ಕಳಿಗೆ ಕಣ್ಣಾರೆ ತೋರಿಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡ್ತೀನಿ. ಜೀರ್ಣಕ್ರಿಯೆಯ ಪಾಠದಲ್ಲಿ ಕಿಣ್ವಗಳ ಭಾಗ ಚೆನ್ನಾಗಿ ಆಯ್ತು. ಎರಡು ಪ್ರನಾಳಗಳಲ್ಲಿ ತೆಳ್ಳನೆ ಅನ್ನದ ಗಂಜಿ ಹಾಕಿ, ಒಂದಕ್ಕೆ ಮಾತ್ರ ಎಂಜಲು ಬೆರೆಸಿ, ಎರಡನ್ನೂ ಉಗುರುಬೆಚ್ಚಗಿನ ನೀರಲ್ಲಿ ಇಟ್ವಿ. ಕಾಲು ಗಂಟೆ ಬಿಟ್ಟು ಅಯೋಡಿನ್ ಹನಿ ಹಾಕಿದಾಗ ಬರೀ ಗಂಜಿ ಕಡುನೀಲಿಯಾಯ್ತು, ಎಂಜಲು ಬೆರೆತದ್ದು ತಿಳಿ ಚಹಾದ ಬಣ್ಣದಲ್ಲೇ ಉಳೀತು. ಎಂಜಲಿನಲ್ಲಿರುವ ಅಮೈಲೇಸ್ ಅನ್ನೋ ಕಿಣ್ವ ಪಿಷ್ಟವನ್ನು ಒಡೆದಿದ್ದನ್ನು ಮಕ್ಕಳು ತಾವೇ ಕಂಡರು.

ಆಮೇಲೆ ಹಿಂದಿನ ಬೆಂಚಿನ ಹುಡುಗಿ ಕೇಳಿದಳು: "ಮಿಸ್, ಊಟ ಕರುಳಿಗೆ ಬಂತು ಅಂತ ಮೇದೋಜೀರಕ ಗ್ರಂಥಿಗೆ ಹೇಳೋರು ಯಾರು?" ಎಷ್ಟು ಒಳ್ಳೆ ಪ್ರಶ್ನೆ! ಬೇಲಿಸ್ ಮತ್ತು ಸ್ಟಾರ್ಲಿಂಗ್ ಅನ್ನೋ ವಿಜ್ಞಾನಿಗಳು 1902ರಲ್ಲಿ ಲಂಡನ್ನಿನಲ್ಲಿ ಹುಡುಕಿದ್ದೂ ಇದನ್ನೇ. ನಾಯಿಯ ಕರುಳಿನ ಒಂದು ತುಂಡಿಗೆ ಹೋಗುವ ನರಗಳನ್ನು ಕತ್ತರಿಸಿ ಅಲ್ಲಿಗೆ, ಊಟದ ಜೊತೆ ಜಠರದಿಂದ ಬರುವಂಥ ಆಮ್ಲ ಬಿಟ್ಟರೂ ಗ್ರಂಥಿ ರಸ ಸುರಿಸಿತು. ಅಂದರೆ ಸುದ್ದಿ ರಕ್ತದಲ್ಲಿ ಹೋಗಿತ್ತು. ಆ ಸುದ್ದಿ ಒಯ್ದ ಹಾರ್ಮೋನೇ ಸೆಕ್ರೆಟಿನ್.

ಇದನ್ನು ಬೋರ್ಡಿನ ಮೇಲೆ ಬರೆದೆ, ಆದರೆ ಗಂಜಿ ಪ್ರಯೋಗದಷ್ಟು ಮನಸ್ಸಿಗೆ ಇಳಿಯಲಿಲ್ಲ. ಅರ್ಧ ತರಗತಿ ಸೆಕ್ರೆಟಿನ್ನನ್ನೂ ಕಿಣ್ವ ಅಂತಲೇ ಬರೆದಿದೆ. ಕಿಣ್ವ ಆಹಾರವನ್ನು ಒಡೆಯುತ್ತೆ, ಹಾರ್ಮೋನು ಆಹಾರವನ್ನು ಮುಟ್ಟೋದೇ ಇಲ್ಲ, ಸುದ್ದಿ ಮಾತ್ರ ಒಯ್ಯುತ್ತೆ. ಈ ವ್ಯತ್ಯಾಸ ತೋರಿಸುವ ಆಟವೋ ಮಾದರಿಯೋ ನಿಮ್ಮಲ್ಲಿ ಯಾರಾದರೂ ಮಾಡಿಸಿದ್ದೀರಾ? ಕೊಬ್ಬು ಬಂದಾಗ ಪಿತ್ತಕೋಶವನ್ನು ಹಿಂಡಿಸುವ ಕೊಲೆಸಿಸ್ಟೊಕೈನಿನ್ ಅನ್ನೋ ಹಾರ್ಮೋನು ಕೂಡ ಅದರಲ್ಲಿ ಸೇರಿದರೆ ತುಂಬಾ ಒಳ್ಳೇದು. ನಮ್ಮಲ್ಲಿ ಪ್ರೊಜೆಕ್ಟರ್ ಇಲ್ಲ, ರಟ್ಟು, ದಾರ, ಬಣ್ಣದ ಕಾಗದ ಇವೆ. ಗುರುವಾರ ಮತ್ತೆ ಅದೇ ತರಗತಿ ಇದೆ, ಅಷ್ಟರೊಳಗೆ ತಿಳಿಸಿದರೆ ದೊಡ್ಡ ಉಪಕಾರ.