ಅಪ್ಪನಿಗೆ 100% ಬ್ಲಾಕ್: ಕೊಲ್ಯಾಟರಲ್ ಸ್ಕೋರ್ ನೋಡಿ ಸ್ಟೆಂಟ್ ಹಾಕಿಸಿದವರು ಇದ್ದೀರಾ?

ತುಮಕೂರು ಮಗಳು: ಅಪ್ಪನಿಗೆ 64. ಹೃದಯದ ಬಲ ರಕ್ತನಾಳ (ಆರ್‌ಸಿಎ) ಪೂರ್ತಿ ಬ್ಲಾಕ್, ಹಳೇದು; ಇದಕ್ಕೇ ಸಿಟಿಒ ಅಂತಾರೆ. ರಿಪೋರ್ಟಿನಲ್ಲಿ ಕೊಲ್ಯಾಟರಲ್‌ಗೆ, ಅಂದರೆ ಬ್ಲಾಕ್ ಬಳಸಿ ರಕ್ತ ಒಯ್ಯುವ ಪಕ್ಕದ ಸಣ್ಣ ನಾಳಗಳಿಗೆ, ರೆಂಟ್ರಾಪ್ 3, ಸಿಸಿ 1; ಬ್ಲಾಕ್ ದಾಟೋದು ಎಷ್ಟು ಕಷ್ಟ ಅನ್ನೋದಕ್ಕೆ ಜೆ-ಸಿಟಿಒ 3 ಅಂತಿದೆ. ಒಬ್ಬ ಡಾಕ್ಟರು ಮಾಡೋಣ ಅಂದರು, ಇನ್ನೊಬ್ಬರು ಮಾತ್ರೆ ಸಾಕು ಅಂದರು. ಮೆಟ್ಟಿಲು ಹತ್ತಿದರೆ ಎದೆ ಹಿಡಿಯುತ್ತದೆ. ಕಿಡ್ನಿ ಟೆಸ್ಟಿನ ಕ್ರಿಯಾಟಿನಿನ್ 1.6. ಅನುಭವ ಇದ್ದವರು ಹೇಳಿ.

ಮೇಷ್ಟ್ರು, ಹಾಸನ: ರೆಂಟ್ರಾಪ್ 3 ಅಂದಾಗ ನಾವೂ ಹಿಗ್ಗಿದ್ದೆವು. ಬ್ಲಾಕಿನ ಆಚೆ ನಾಳ ಪಕ್ಕದ ದಾರಿಯಿಂದ ಎಷ್ಟು ತುಂಬುತ್ತದೆ ಅನ್ನೋದಷ್ಟೇ ಅದು. ಆ ದಾರಿಯಲ್ಲಿ ವೈರ್ ಹೋಗುತ್ತಾ ಅನ್ನೋದು ಬೇರೆ ಮಾತು. ಅದು ನನಗೆ ತಿಳಿದದ್ದು ಮೂರೂಕಾಲು ಗಂಟೆ ಟೇಬಲ್ ಮೇಲೆ ಮಲಗಿದ ಮೇಲೆ. ಮುಂದಿನಿಂದ ಮೂರು ವೈರ್ ಸೋತವು. ಹಿಂದಿನಿಂದ ಸೆಪ್ಟಲ್ ದಾರಿ, ಅಂದರೆ ಹೃದಯದ ನಡುಗೋಡೆಯೊಳಗಿನ ಕೊಲ್ಯಾಟರಲ್, ಹಿಡಿದರು. ಸೌತೆ ಬಳ್ಳಿಯ ಕುಡಿ ತರ ಸುರುಳಿ ಸುರುಳಿ, ಅಲ್ಲೇ ನಿಂತಿತು. ವೈರ್ 41,300, ಮೈಕ್ರೋಕ್ಯಾಥೆಟರ್ ಅನ್ನೋ ಸಣ್ಣ ಕೊಳವೆ 38,500, ಒಟ್ಟು 2,17,640. ಸ್ಟೆಂಟ್ ಒಂದೂ ಇಲ್ಲ! ತೊಡೆ ಹದಿನೈದು ದಿನ ನೇರಳೆ ಹಣ್ಣಿನ ಬಣ್ಣ. ಪಂಚೆ ಕಟ್ಟಲೂ ಆಗಲಿಲ್ಲ.

ಎರಡನೇ ಸಲ ಗೆದ್ದವ, ಶಿವಮೊಗ್ಗ: ಮೇಷ್ಟ್ರೇ, ಸುಮ್ನೆ ಹೆದರಿಸಬೇಡಿ. ನಂದು ಜೆ-ಸಿಟಿಒ 4. ಮೊದಲ ಸಲ ಫೇಲಾಗಿದ್ದಕ್ಕೇ ಒಂದು ಅಂಕ ಏರಿತ್ತು. ಎರಡನೇ ಸಲ ಇದೇ ಕೆಲಸದಲ್ಲಿ ಪಳಗಿದವರ ಹತ್ತಿರ ಹೋದೆ. ಸಿಸಿ 2 ಇತ್ತು, ಹಿಂದಿನಿಂದ ದಾಟಿಸಿದರು. ಎರಡು ಸ್ಟೆಂಟ್. ಬೆಳಿಗ್ಗೆ ನಾಲ್ಕು ಕಿಲೋಮೀಟರ್ ನಡೀತೀನಿ. ನಿಮ್ಮದು ಡಾಕ್ಟರ್ ಆಯ್ಕೆಯ ತಪ್ಪು.

ಮೇಷ್ಟ್ರು, ಹಾಸನ: ನನ್ನ ಡಾಕ್ಟರನ್ನು ನೀವು ನೋಡಿದ್ದೀರಾ? ಗೆದ್ದ ಕುದುರೆ ಏರಿ ಮಾತಾಡೋದು ಸುಲಭ.

ಕ್ಯಾಥ್‌ಲ್ಯಾಬಿನಲ್ಲಿ ಇದ್ದವ: ಇಬ್ಬರೂ ಕಲಸುಮೇಲೋಗರ ಮಾಡ್ತಿದ್ದೀರಿ. ಜೆ-ಸಿಟಿಒನಲ್ಲಿ ಕೊಲ್ಯಾಟರಲ್ ಲೆಕ್ಕವೇ ಇಲ್ಲ. ಬ್ಲಾಕಿನ ಮೊಂಡು ತುದಿ, ಕ್ಯಾಲ್ಸಿಯಂ, 45 ಡಿಗ್ರಿಗಿಂತ ಜಾಸ್ತಿ ತಿರುವು, 20 ಮಿಲಿಮೀಟರ್ ಅಥವಾ ಮೇಲೆ ಉದ್ದ, ಹಿಂದೆ ಫೇಲಾದದ್ದು: ಐದೇ. 2011ರಲ್ಲಿ ಜಪಾನಿನವರು ನೋಡಿದ್ದು ಅರ್ಧ ಗಂಟೆಯೊಳಗೆ ವೈರ್ ದಾಟುತ್ತಾ ಅಂತ. ಕೊಲ್ಯಾಟರಲ್ ಲೆಕ್ಕಕ್ಕೆ ಬರುವುದು ಪ್ರೋಗ್ರೆಸ್ ಅನ್ನೋ ಇನ್ನೊಂದು ಸ್ಕೋರಿನಲ್ಲಿ. ಸಿಸಿ 1 ಅಂದರೆ ದಾರದಷ್ಟು ಸಣ್ಣ ದಾರಿ, ಸಿಸಿ 2 ಕವಲು ನಾಳದಷ್ಟು. ನಾನಂತೂ ಹೃದಯದ ಮೇಲ್ಮೈಯ ಕೊಲ್ಯಾಟರಲ್ ಹರಿದದ್ದನ್ನು ಕಣ್ಣಾರೆ ನೋಡಿದ್ದೇನೆ. ಸೂಜಿ ಚುಚ್ಚಿ ರಕ್ತ ಹೊರತೆಗೆಯಬೇಕಾಯಿತು.

ಗೃಹಿಣಿ, ದಾವಣಗೆರೆ: ಇಷ್ಟೆಲ್ಲ ಯಾಕೆ? ನಮ್ಮ ಯಜಮಾನರಿಗೆ ಇಇಸಿಪಿ 35 ಸಿಟ್ಟಿಂಗ್ ಮಾಡಿಸಿದೆವು. ಕಾಲಿಗೆ ಪಟ್ಟಿ ಕಟ್ಟಿ ಒತ್ತುತ್ತಾರೆ, ನ್ಯಾಚುರಲ್ ಬೈಪಾಸ್ ಆಗುತ್ತೆ ಅಂತಾರೆ. ದಿನಕ್ಕೆ 2,000, ಆಟೋ ಬೇರೆ 160. ಜೊತೆಗೆ ಹೊಳೆಮತ್ತಿ ಚಕ್ಕೆ ಕಷಾಯ.

ಕ್ಯಾಥ್‌ಲ್ಯಾಬಿನಲ್ಲಿ ಇದ್ದವ: ಮೇಡಂ, 70,000 ಕೊಟ್ಟ ಮೇಲೆ ಮತ್ತೆ ಆಂಜಿಯೋಗ್ರಾಂ ಮಾಡಿಸಿ ನೋಡಿದಿರಾ?

ಗೃಹಿಣಿ, ದಾವಣಗೆರೆ: ಯಜಮಾನರು ಗುಡ್ಡದ ದೇವಸ್ಥಾನ ಹತ್ತಿದರು. ನನಗೆ ಅದೇ ಆಂಜಿಯೋಗ್ರಾಂ.

ಎರಡನೇ ಸಲ ಗೆದ್ದವ, ಶಿವಮೊಗ್ಗ: ಯೂರೋ-ಸಿಟಿಒ ಅನ್ನೋ ಅಧ್ಯಯನ ಓದಿ. ಸ್ಟೆಂಟ್ ಆದವರಿಗೆ ಎದೆನೋವು ಕಡಿಮೆ.

ಮೇಷ್ಟ್ರು, ಹಾಸನ: ಡಿಸಿಷನ್-ಸಿಟಿಒ ಅಧ್ಯಯನ ನೀವು ಓದಿ. ಸಾವಿನಲ್ಲಿ ವ್ಯತ್ಯಾಸ ಇಲ್ಲ.

ಎರಡನೇ ಸಲ ಗೆದ್ದವ, ಶಿವಮೊಗ್ಗ: ನಾನು ನೋವಿನ ಮಾತಾಡಿದರೆ ನೀವು ಸಾವು ತರ್ತೀರಿ.

ತುಮಕೂರು ಮಗಳು: ಎಲ್ಲರಿಗೂ ಧನ್ಯವಾದ. ಕ್ರಿಯಾಟಿನಿನ್ 1.6 ಇದ್ದರೆ ನಾಳ ಕಾಣಿಸಲು ಬಿಡುವ ಅಷ್ಟೊಂದು ಡೈಯನ್ನು ಕಿಡ್ನಿ ತಡೆಯುತ್ತಾ? ಅದನ್ನು ಯಾರಾದರೂ ಹೇಳ್ತೀರಾ?

ಹೊಸಬ, ಗದಗ: ದಾವಣಗೆರೆ ಅಕ್ಕ, ಆ ಚಕ್ಕೆ ಎಷ್ಟು ಹಾಕಬೇಕು?