ಮೂತ್ರದಲ್ಲಿ ರಕ್ತ ಬಂತು, ಮಾತ್ರೆ ನುಂಗಿದೆ, ನಿಂತಿತು. ಇನ್ನೂ ಡಾಕ್ಟರ್ ಹತ್ತಿರ ಹೋಗಬೇಕಾ?

ಪ್ರಶ್ನೆ: ನನಗೆ 52 ವರ್ಷ. ಹೋದ ವಾರ ಇದ್ದಕ್ಕಿದ್ದಂತೆ ಮೂತ್ರ ಕೆಂಪಗೆ ಬಂತು. ಉರಿ ಇಲ್ಲ, ನೋವಿಲ್ಲ, ಜ್ವರವೂ ಇಲ್ಲ. ಹೆಂಡತಿಗೆ ಹಿಂದೆ ಬರೆದುಕೊಟ್ಟಿದ್ದ ಸಿಪ್ರೋಫ್ಲಾಕ್ಸಾಸಿನ್ 500 (ಸೋಂಕಿಗೆ ಕೊಡುವ ಆಂಟಿಬಯಾಟಿಕ್) ಮನೆಯಲ್ಲಿ ಉಳಿದಿತ್ತು. ನಾಲ್ಕು ಮಾತ್ರೆ ತೆಗೆದುಕೊಂಡೆ. ಎರಡನೇ ದಿನಕ್ಕೆ ಬಣ್ಣ ಸರಿಹೋಯಿತು. ಇನ್ನು ಮೂರು ದಿನ ಮುಂದುವರಿಸಿದರೆ ಸಾಕು ಅಲ್ವಾ?

ಮೂತ್ರರೋಗ ತಜ್ಞರ ಉತ್ತರ: ಸಾಲದು. ಮಾತ್ರೆ ನಿಲ್ಲಿಸಿ, ಈ ವಾರವೇ ಮೂತ್ರರೋಗ ತಜ್ಞರನ್ನು ನೋಡಿ.

ರಕ್ತ ನಿಂತದ್ದು ಮಾತ್ರೆಯಿಂದಲೇ ಅಂತ ಹೇಗೆ ಗೊತ್ತು? ಮೂತ್ರಚೀಲದ ಗೆಡ್ಡೆ ಒಂದು ದಿನ ರಕ್ತ ಸುರಿಸಿ, ಆಮೇಲೆ ತಿಂಗಳುಗಟ್ಟಲೆ ಸುಮ್ನೆ ಇರಬಹುದು. ಅದು ನಿಂತ ದಿನ ನೀವು ಏನು ನುಂಗಿದ್ದರೂ ಅದಕ್ಕೇ ಹೆಸರು ಬರುತ್ತದೆ. ನಿಮ್ಮ ವಯಸ್ಸಿನಲ್ಲಿ ನೋವಿಲ್ಲದೆ ರಕ್ತ ಬಂದರೆ ಕ್ಯಾನ್ಸರ್ ಇಲ್ಲ ಅಂತ ಖಚಿತಪಡಿಸಿಕೊಳ್ಳುವುದು ಮೊದಲ ಕೆಲಸ. ಸಿಗರೇಟು ಸೇದುವವರಾದರೆ ಇನ್ನೂ ಜಾಸ್ತಿ ಎಚ್ಚರ ಬೇಕು. ಹಾಗಂತ ಕ್ಯಾನ್ಸರೇ ಅಂತ ನಿದ್ದೆಗೆಡಬೇಡಿ. ಕಲ್ಲು, ಊದಿದ ಪ್ರಾಸ್ಟೇಟ್ (ಗಂಡಸರ ಮೂತ್ರಚೀಲದ ಕೆಳಗಿನ ಗ್ರಂಥಿ), ಕಿಡ್ನಿಯ ತೊಂದರೆ, ಇವೂ ರಕ್ತ ತರುತ್ತವೆ. ಆದರೆ ಇವು ಯಾವುದನ್ನೂ ಸಿಪ್ರೋಫ್ಲಾಕ್ಸಾಸಿನ್ ವಾಸಿ ಮಾಡುವುದಿಲ್ಲ.

ಮೂತ್ರಾಂಗದ ಟಿಬಿ ಇದ್ದರಂತೂ ಈ ಮಾತ್ರೆ ಅದನ್ನು ಅರ್ಧಂಬರ್ಧ ತಡೆದು, ಪರೀಕ್ಷೆಯಲ್ಲಿ ಸಿಗದ ಹಾಗೆ ಮಾಡಬಹುದು. ಅರವತ್ತು ದಾಟಿದವರಲ್ಲಿ, ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ಈ ಮಾತ್ರೆಯಿಂದ ಹಿಮ್ಮಡಿಯ ಸ್ನಾಯುರಜ್ಜು ಹರಿಯುವ ಅಪಾಯವೂ ಇದೆ. ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ) ನುಂಗುವವರಿಗೆ ಇದು ರಕ್ತಸ್ರಾವವನ್ನೇ ಹೆಚ್ಚಿಸಬಹುದು.

ಇನ್ನೊಬ್ಬರು: ನಾನು ಮಹಿಳೆ, 29. ನನಗೆ ಉರಿ, ಪದೇ ಪದೇ ಹೋಗುವುದು, ಕೊನೆಯಲ್ಲಿ ತಿಳಿಗೆಂಪು ಹನಿ. ಇದು ಸೋಂಕೇ ಅಲ್ವಾ? ಮಾತ್ರೆ ತೆಗೆದುಕೊಳ್ಳಬಹುದಾ?

ಉತ್ತರ: ಸೋಂಕು ಇರುವ ಸಾಧ್ಯತೆಯೇ ಹೆಚ್ಚು. ಆದರೂ ಮೊದಲು ಡಾಕ್ಟರನ್ನು ಕಾಣಿ. ಮೊದಲ ಮಾತ್ರೆಗೂ ಮುಂಚೆ ಕಲ್ಚರ್‌ಗೆ, ಅಂದರೆ ಲ್ಯಾಬ್‌ನಲ್ಲಿ ಕೀಟಾಣು ಬೆಳೆಸಿ ನೋಡುವ ಪರೀಕ್ಷೆಗೆ, ಮೂತ್ರ ಕೊಡಿ. ಸ್ವಲ್ಪ ಹೊರಗೆ ಬಿಟ್ಟು, ನಡುವಿನದ್ದನ್ನು ಡಬ್ಬಿಗೆ ಹಿಡಿಯಿರಿ. ಒಂದೇ ಮಾತ್ರೆ ನುಂಗಿ ಕೊಟ್ಟರೂ ಲ್ಯಾಬ್‌ನಲ್ಲಿ ಏನೂ ಬೆಳೆಯದೆ ಹೋಗಬಹುದು. ಆಗ ಯಾವ ಔಷಧಿಗೆ ಬಗ್ಗುವ ಕೀಟಾಣು ಅಂತ ನಮಗೆ ತಿಳಿಯುವುದೇ ಇಲ್ಲ. ಗರ್ಭಿಣಿಯಾಗಿದ್ದರೆ ಮೊದಲೇ ಹೇಳಿ, ಔಷಧಿ ಬದಲಾಗುತ್ತದೆ. ಚಳಿಜ್ವರ ಅಥವಾ ಸೊಂಟದ ಮೇಲೆ ಒಂದು ಬದಿ ನೋವು ಶುರುವಾದರೆ ಅದೇ ದಿನ ಹೋಗಿ, ಸೋಂಕು ಕಿಡ್ನಿ ತಲುಪಿರಬಹುದು. ವಾಸಿಯಾದ ಮೇಲೆ ಮತ್ತೊಮ್ಮೆ ಮೂತ್ರ ಪರೀಕ್ಷೆ ಮಾಡಿಸಿ. ರಕ್ತಕಣ ಆಗಲೂ ಉಳಿದಿದ್ದರೆ ಬೇರೆ ಕಾರಣ ಹುಡುಕಬೇಕು.

ಮೊದಲ ಪ್ರಶ್ನೆ ಕೇಳಿದವರು: ಈಗ ಮೂತ್ರ ನೀರಿನ ಹಾಗಿದೆ. ಡಾಕ್ಟರಿಗೆ ಏನು ತೋರಿಸಲಿ? ಅಂದು ಬೀಟ್‌ರೂಟ್ ತಿಂದಿರಲಿಲ್ಲ.

ಉತ್ತರ: ಒಳ್ಳೆಯದಾಯಿತು, ಅದನ್ನೇ ಮೊದಲು ಕೇಳುತ್ತಾರೆ, ಬೀಟ್‌ರೂಟ್ ತಿಂದರೂ ಮೂತ್ರ ಕೆಂಪಾಗಬಹುದು. ಮಾತ್ರೆಯ ಹಾಳೆ ಜೊತೆಗಿರಲಿ, ಬಣ್ಣದ ಫೋಟೋ ತೆಗೆದಿದ್ದರೆ ಅದೂ ಇರಲಿ. ಒಂದು ಲೀಟರ್ ಮೂತ್ರದಲ್ಲಿ 1 ಮಿಲಿಲೀಟರ್ ರಕ್ತ ಸೇರಿದರೂ ಬಣ್ಣ ತಿರುಗುತ್ತದೆ. ಅದಕ್ಕಿಂತ ಕಡಿಮೆ ಇದ್ದರೆ ಮೈಕ್ರೋಸ್ಕೋಪ್‌ಗೆ ಮಾತ್ರ ಕಾಣುತ್ತದೆ. ಮಾಮೂಲಿಯಾಗಿ ಸ್ಕ್ಯಾನ್ ಆಗುತ್ತದೆ. ಜೊತೆಗೆ ಸಿಸ್ಟೋಸ್ಕೋಪಿ, ಅಂದರೆ ಸಣ್ಣ ಕ್ಯಾಮೆರಾ ಹಾಕಿ ಮೂತ್ರಚೀಲದ ಒಳಗೋಡೆ ನೋಡುವುದು. ಹೆಸರು ಕೇಳಿದರೆ ಗಂಡಸರು ಓಡಿಹೋಗುತ್ತಾರೆ! ಮರಗಟ್ಟಿಸುವ ಜೆಲ್ ಹಾಕಿ ಮಾಡಿದರೆ ಕೆಲವೇ ನಿಮಿಷದ ಕೆಲಸ. ಅಷ್ಟರೊಳಗೆ ರಕ್ತ ಗಡ್ಡೆಗಡ್ಡೆಯಾಗಿ ಬಂದರೆ, ಅಥವಾ ಮೂತ್ರವೇ ಕಟ್ಟಿಕೊಂಡರೆ, ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ರಾತ್ರಿಯಾದರೂ ಸರಿ, ನೇರ ತುರ್ತು ವಿಭಾಗಕ್ಕೆ ಹೋಗಿ.