ಸಹಾಯ ಬೇಕು: ಬ್ರೇಸ್ ಜೋಡಿಸಿದ ಪಿಸ್ತೂಲನ್ನು ಬೇರೆ ರಾಜ್ಯಕ್ಕೆ ಒಯ್ಯುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ಟೆಕ್ಸಾಸ್‌ನಲ್ಲಿ ನೆಲೆಸಿ ಅಮೆರಿಕದ ಪೌರತ್ವ ಪಡೆದಿರುವ ನನ್ನ ಬಳಿ, ಮುಂಗೈಗೆ ಪಟ್ಟಿಯಿಂದ ಬಿಗಿದುಕೊಳ್ಳುವ ಬ್ರೇಸ್ ಜೋಡಿಸಿದ ಪಿಸ್ತೂಲೊಂದಿದೆ. ನಳಿಗೆ 16 ಅಂಗುಲಕ್ಕಿಂತ ಗಿಡ್ಡವಾಗಿರುವ ಇಂತಹ ಬಹುಪಾಲು ಪಿಸ್ತೂಲುಗಳನ್ನು 1934ರ ರಾಷ್ಟ್ರೀಯ ಬಂದೂಕು ಕಾಯ್ದೆಯಡಿ ನೋಂದಾಯಿಸಬೇಕಾದ ರೈಫಲ್‌ಗಳೆಂದು ಪರಿಗಣಿಸುವ 2023ರ ಫೆಡರಲ್ ನಿಯಮವನ್ನು 2024ರ ಜೂನ್ 13ರಂದು ಇಲ್ಲಿನ ಫೆಡರಲ್ ನ್ಯಾಯಾಲಯ ರದ್ದುಪಡಿಸಿತು. ಮರುದಿನವೇ ಸುಪ್ರೀಂ ಕೋರ್ಟ್ ಬಂಪ್ ಸ್ಟಾಕ್ (ರೈಫಲ್‌ನಿಂದ ಅತಿವೇಗವಾಗಿ ಗುಂಡು ಹಾರಿಸಲು ನೆರವಾಗುವ ಹಿಂಭಾಗದ ಜೋಡಣೆ) ನಿಷೇಧದ ನಿಯಮವನ್ನೂ 6-3 ಬಹುಮತದಿಂದ ತಳ್ಳಿಹಾಕಿತು. ಆದರೆ ನಿಯಮ ಬಿದ್ದುಹೋದರೂ ಮೂಲ ಕಾಯ್ದೆ ಉಳಿದಿದೆ, ರಾಜ್ಯಗಳ ಕಾನೂನುಗಳಂತೂ ಬೇರೆಯೇ.

ಮುಂದಿನ ತಿಂಗಳು ಕೆಲಸದ ನಿಮಿತ್ತ ಕ್ಯಾಲಿಫೋರ್ನಿಯಾಕ್ಕೆ ಮನೆ ಬದಲಿಸುತ್ತಿದ್ದೇನೆ. ಬ್ರೇಸ್ ಬಿಚ್ಚಿದರೆ ಸಾಕೇ, ಅಥವಾ ಪಿಸ್ತೂಲನ್ನೇ ಇಲ್ಲಿ ಮಾರಿ ಹೋಗಬೇಕೇ? ತಪ್ಪಿದರೆ ಕ್ರಿಮಿನಲ್ ಪ್ರಕರಣವಾಗಬಹುದಾದ ವಿಷಯದಲ್ಲಿ ಅಂಗಡಿಯವರ ಬಾಯಿಮಾತನ್ನು ನಂಬಲು ಮನಸ್ಸೊಪ್ಪುತ್ತಿಲ್ಲ. ಎರಡೂ ರಾಜ್ಯಗಳ ಕಾನೂನು ಬಲ್ಲ ವಕೀಲರ ಪರಿಚಯವಿರುವವರು ದಯವಿಟ್ಟು ತಿಳಿಸಿ.